ವೆಸ್ಟಾ ಕ್ಷುದ್ರಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳ ಮತ್ತು ಗುರುಗ್ರಹಗಳ ನಡುವಿನ ಪಟ್ಟಿಯಲ್ಲಿ ಲಕ್ಷಾಂತರ ಕ್ಷುದ್ರಗ್ರಹಗಳು ಸುತ್ತುತ್ತಿವೆ. ಅವುಗಳಲ್ಲಿ ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿಗೆ ಚೆನ್ನಾಗಿ ಎಟುಕುವುದು ವೆಸ್ಟಾ ಒಂದೇ. ಅದರದೇ ಚೂರುಗಳು ಎಂದು ಹೇಳಬಹುದಾದ ಕಲ್ಲುಗಳೂ ನಮ್ಮ ಸಂಗ್ರಹಾಲಯಗಳಲ್ಲಿವೆ. ಆಕಾಶದಲ್ಲಿ ಅದನ್ನು ಹುಡುಕುವವರಿಗೂ ಅದರ ಬಗ್ಗೆ ಓದುವವರಿಗೂ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ವೆಸ್ಟಾ ಎಷ್ಟು ದೊಡ್ಡದು?

ಸರಾಸರಿ ವ್ಯಾಸ 525 ಕಿ.ಮೀ. ಆದರೆ ಅದು ಪೂರ್ತಿ ಗುಂಡಗಿಲ್ಲ. ಮೂರು ದಿಕ್ಕಿನ ಅಳತೆಗಳು ಸುಮಾರು 573, 557 ಮತ್ತು 446 ಕಿ.ಮೀ. ಮೂರನೆಯ ಅಳತೆ ಅಷ್ಟು ಕಡಿಮೆ ಇರುವುದಕ್ಕೆ ದಕ್ಷಿಣ ಧ್ರುವಕ್ಕೆ ಬಿದ್ದ ಭಾರಿ ಹೊಡೆತವೂ ಒಂದು ಕಾರಣ. ಅದರ ವಿಷಯ ಮುಂದೆ ಬರುತ್ತದೆ. ಇಡೀ ಪಟ್ಟಿಯ ದ್ರವ್ಯರಾಶಿಯಲ್ಲಿ ಸುಮಾರು ಶೇ 9ರಷ್ಟು ವೆಸ್ಟಾ ಒಂದರಲ್ಲೇ ಇದೆ. ಸಾಂದ್ರತೆ ಘನ ಸೆಂಟಿಮೀಟರಿಗೆ 3.46 ಗ್ರಾಂ, ಅಂದರೆ ಗಟ್ಟಿ ಬಂಡೆಯದು. ಗುರುತ್ವ ಭೂಮಿಯ ನಲವತ್ತರಲ್ಲಿ ಒಂದು ಪಾಲು. 60 ಕಿಲೋ ತೂಗುವವರು ಅಲ್ಲಿ ತಕ್ಕಡಿ ಹತ್ತಿದರೆ ಒಂದೂವರೆ ಕಿಲೋ ತೋರಿಸುತ್ತದೆ.

ಸೂರ್ಯನನ್ನು ಒಂದು ಸುತ್ತು ಹಾಕಲು 3.63 ವರ್ಷ. ತನ್ನ ಸುತ್ತ ತಾನು ತಿರುಗಲು 5 ಗಂಟೆ 20 ನಿಮಿಷ.

ಸೀರಿಸ್ ಎಂಬ ಕ್ಷುದ್ರಗ್ರಹ ಇದಕ್ಕಿಂತ ದೊಡ್ಡದಲ್ಲವೇ? ಹಾಗಾದರೆ ವೆಸ್ಟಾ ಹೆಚ್ಚು ಹೊಳೆಯುವುದೇಕೆ?

ಮೈಬಣ್ಣದ ವ್ಯತ್ಯಾಸ. ಸೀರಿಸ್‌ನ ವ್ಯಾಸ ಸುಮಾರು 940 ಕಿ.ಮೀ. ಇದ್ದರೂ ಅದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 9ರಷ್ಟನ್ನು ಮಾತ್ರ ಹಿಂತಿರುಗಿಸುತ್ತದೆ. ವೆಸ್ಟಾ ಶೇ 42ರಷ್ಟನ್ನು ಹಿಂತಿರುಗಿಸುತ್ತದೆ. ಜೊತೆಗೆ ಅದು ಸೂರ್ಯನಿಗೂ ನಮಗೂ ಸ್ವಲ್ಪ ಹತ್ತಿರದಲ್ಲಿದೆ.

ಅದನ್ನು ಕಂಡುಹಿಡಿದವರು ಯಾರು, ಹೇಗೆ?

1807ರ ಮಾರ್ಚ್ 29ರಂದು ಜರ್ಮನಿಯ ಬ್ರೆಮೆನ್ ನಗರದಲ್ಲಿ ಹೈನ್‌ರಿಖ್ ವಿಲ್ಹೆಲ್ಮ್ ಓಲ್ಬರ್ಸ್ ಕಂಡುಹಿಡಿದರು. ವೃತ್ತಿಯಿಂದ ಅವರು ವೈದ್ಯರು. ಆಕಾಶ ನೋಡುವ ಕೆಲಸ ರಾತ್ರಿ, ಮನೆಯ ಮಹಡಿಯ ಮೇಲಿಂದ.

ಆ ವೇಳೆಗೆ ಮೂರು ಕ್ಷುದ್ರಗ್ರಹಗಳು ಸಿಕ್ಕಿದ್ದವು. 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಪಿಯಾಟ್ಸಿ ಸೀರಿಸನ್ನು ಕಂಡರು, 1802ರ ಮಾರ್ಚಿನಲ್ಲಿ ಓಲ್ಬರ್ಸ್ ಅವರೇ ಪಲ್ಲಾಸನ್ನು ಕಂಡರು, 1804ರ ಸೆಪ್ಟೆಂಬರಿನಲ್ಲಿ ಹಾರ್ಡಿಂಗ್ ಜುನೊವನ್ನು ಕಂಡರು. ಒಂದು ಗ್ರಹ ಇರಬೇಕಾದ ಜಾಗದಲ್ಲಿ ಇಷ್ಟು ಪುಟ್ಟ ಕಾಯಗಳೇಕೆ? ಒಂದಾನೊಂದು ಕಾಲದಲ್ಲಿ ಅಲ್ಲೊಂದು ಗ್ರಹವಿದ್ದು ಅದು ಒಡೆದು ಹೋಗಿರಬೇಕು ಎಂದು ಓಲ್ಬರ್ಸ್ ಊಹಿಸಿದರು. ಆ ಊಹೆಯಿಂದ ಅವರು ಒಂದು ಕೆಲಸದ ಮಾತು ಹೊರಡಿಸಿದರು: ಚೂರುಗಳೆಲ್ಲ ಒಂದೇ ಬಿಂದುವಿನಿಂದ ಸಿಡಿದಿದ್ದರೆ, ದಾರಿಗಳು ಬೇರೆಯಾದರೂ ಎಲ್ಲವೂ ಮತ್ತೆ ಮತ್ತೆ ಆ ಬಿಂದುವಿನ ಮೂಲಕ ಹಾಯಲೇಬೇಕು. ಸೀರಿಸ್ ಮತ್ತು ಪಲ್ಲಾಸ್‌ಗಳ ಕಕ್ಷೆಗಳು ಒಂದನ್ನೊಂದು ದಾಟುವಂತೆ ಕಾಣುವ ದಿಕ್ಕುಗಳು ಎರಡು. ಒಂದು ಕನ್ಯಾ ರಾಶಿಯ ಕಡೆ, ಇನ್ನೊಂದು ಅದಕ್ಕೆ ನೇರ ಎದುರಿನ ತಿಮಿಂಗಿಲ ನಕ್ಷತ್ರಪುಂಜದ ಕಡೆ. ಇಡೀ ಆಕಾಶವನ್ನು ಜಾಲಾಡುವ ಬದಲು ಈ ಎರಡು ಬಾಗಿಲುಗಳನ್ನು ಕಾದರೆ ಸಾಕು.

ಅವರು ಕಾದರು. ದೂರದರ್ಶಕದಲ್ಲಿ ಕಾಣುವ ಪ್ರತಿ ಚುಕ್ಕೆಯನ್ನೂ ನಕ್ಷೆಯೊಂದಿಗೆ ಹೋಲಿಸುವುದು, ನಕ್ಷೆಯಲ್ಲಿ ಇಲ್ಲದ್ದು ಕಂಡರೆ ಮುಂದಿನ ರಾತ್ರಿಗಳಲ್ಲಿ ಅದು ಕದಲಿತೇ ಎಂದು ನೋಡುವುದು. ಛಾಯಾಗ್ರಹಣ ಇನ್ನೂ ಹುಟ್ಟಿರಲಿಲ್ಲ, ನಕ್ಷತ್ರ ನಕ್ಷೆಗಳೂ ಅರೆಬರೆ. ಹಲವು ವರ್ಷ ಹೀಗೆ ನಡೆದ ಮೇಲೆ ಕನ್ಯಾ ರಾಶಿಯಲ್ಲಿ ಆರನೆಯ ಕಾಂತಿಮಾನದ (ಅಂದರೆ ಬರಿಗಣ್ಣಿನ ಮಿತಿಯ) ಆಸುಪಾಸಿನ ಹೊಸ ಚುಕ್ಕೆಯೊಂದು ಸಿಕ್ಕಿತು. ಗಣಿತಜ್ಞ ಕಾರ್ಲ್ ಫ್ರೀಡ್ರಿಖ್ ಗೌಸ್ ವೀಕ್ಷಣೆಗಳನ್ನು ಪಡೆದು ಸುಮಾರು ಹತ್ತು ಗಂಟೆಯ ಕೈಲೆಕ್ಕದಲ್ಲಿ ಅದರ ಕಕ್ಷೆಯನ್ನು ಕಂಡುಕೊಂಡರು. ಹೆಸರಿಡುವ ಅವಕಾಶವನ್ನೂ ಓಲ್ಬರ್ಸ್ ಗೌಸ್‌ಗೇ ಬಿಟ್ಟರು. ರೋಮನ್ನರ ಒಲೆಯ ದೇವತೆ ವೆಸ್ಟಾಳ ಹೆಸರು ಬಂದದ್ದು ಹಾಗೆ.

ಒಡೆದ ಗ್ರಹದ ಊಹೆ ಸರಿಯಾಗಿತ್ತೇ?

ಇಲ್ಲ. ಪಟ್ಟಿಯಲ್ಲಿರುವುದನ್ನೆಲ್ಲ ಒಟ್ಟುಗೂಡಿಸಿದರೂ ನಮ್ಮ ಚಂದ್ರನ ಶೇ 3ರಷ್ಟೇ ಆಗುತ್ತದೆ. ವೆಸ್ಟಾ ಒಣ ಲಾವಾ ಕಲ್ಲಿನದು, ಸೀರಿಸ್ ನೀರು ಸೇರಿದ ಖನಿಜ ಮತ್ತು ಮಂಜುಗಡ್ಡೆಯದು. ಒಂದೇ ಗ್ರಹದ ಚೂರುಗಳು ಹೀಗಿರುವುದಿಲ್ಲ. ಸಾಲದ್ದಕ್ಕೆ, ಗುರುಗ್ರಹದ ಸೆಳೆತ ಕಕ್ಷೆಗಳನ್ನು ನಿಧಾನವಾಗಿ ತಿರುಗಿಸುತ್ತಲೇ ಇರುತ್ತದೆ. ಆದ್ದರಿಂದ ಎಂದೋ ಒಂದು ಸಮಾನ ಬಿಂದು ಇದ್ದಿದ್ದರೂ ಅದು ಉಳಿಯುತ್ತಿರಲಿಲ್ಲ. ಓಲ್ಬರ್ಸ್‌ಗೆ ಫಲ ಕೊಟ್ಟದ್ದು ಊಹೆಯಲ್ಲ, ಅದೇ ಜಾಗವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ನೋಡಿದ್ದು.

ಐದನೆಯ ಕ್ಷುದ್ರಗ್ರಹಕ್ಕೆ 38 ವರ್ಷ ಹಿಡಿದದ್ದೇಕೆ?

ಉಳಿದವು ಮಸುಕು, ನಕ್ಷೆಗಳು ಅಷ್ಟು ಮಸುಕಾದ ನಕ್ಷತ್ರಗಳನ್ನು ತೋರಿಸುತ್ತಿರಲಿಲ್ಲ. ಉತ್ತಮ ನಕ್ಷೆಗಳು ಬಂದ ಮೇಲೆ, 1845ರ ಡಿಸೆಂಬರ್ 8ರಂದು, ಹೆಂಕೆ ಐದನೆಯದಾದ ಆಸ್ಟ್ರೇಯಾವನ್ನು ಕಂಡರು. ಅಲ್ಲಿಯವರೆಗೆ ಪುಸ್ತಕಗಳು ವೆಸ್ಟಾವನ್ನು ಗ್ರಹವೆಂದೇ ಎಣಿಸುತ್ತಿದ್ದವು.

ಭಾರತದಿಂದ ಕ್ಷುದ್ರಗ್ರಹ ಕಂಡವರು ಇದ್ದಾರೆಯೇ?

ಇದ್ದಾರೆ. ಮದ್ರಾಸ್ ವೀಕ್ಷಣಾಲಯದಲ್ಲಿ ನಾರ್ಮನ್ ಪೋಗ್ಸನ್ 1861ರಲ್ಲಿ 67ನೇ ಸಂಖ್ಯೆಯ ಕ್ಷುದ್ರಗ್ರಹವನ್ನು ಕಂಡರು. ಏಷ್ಯಾ ಖಂಡದಿಂದ ಕಂಡ ಮೊದಲನೆಯದು ಎಂದು ಅದಕ್ಕೆ ‘ಏಷ್ಯಾ’ ಎಂದೇ ಹೆಸರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ನಡೆಸುವ ಕಾವಲೂರು ವೀಕ್ಷಣಾಲಯದಲ್ಲಿ 1988ರಲ್ಲಿ ಆರ್. ರಾಜಮೋಹನ್ ಕಂಡದ್ದು 4130 ರಾಮಾನುಜನ್.

ವೆಸ್ಟಾವನ್ನು ನಾನು ನೋಡಬಹುದೇ? ಯಾವಾಗ?

ಖಂಡಿತ. ಸುಮಾರು 16ರಿಂದ 17 ತಿಂಗಳಿಗೊಮ್ಮೆ ವೆಸ್ಟಾ ಸೂರ್ಯನಿಗೆ ನೇರ ಎದುರು ಬರುತ್ತದೆ. ಇದಕ್ಕೆ ವಿಯುತಿ ಎನ್ನುತ್ತಾರೆ. ಆಗ ಅದು ಸಂಜೆ ಹುಟ್ಟಿ, ನಡುರಾತ್ರಿ ನೆತ್ತಿಯ ಕಡೆ ಏರಿ, ಬೆಳಗ್ಗೆ ಮುಳುಗುತ್ತದೆ. ಕಕ್ಷೆ ಪೂರ್ಣ ವೃತ್ತವಲ್ಲದ ಕಾರಣ ಎಲ್ಲ ವಿಯುತಿಗಳೂ ಒಂದೇ ಸಮ ಇರುವುದಿಲ್ಲ. ಬಹಳ ಹತ್ತಿರ ಬಂದಾಗ ಕಾಂತಿಮಾನ 5.1ರವರೆಗೆ ಹೋಗುತ್ತದೆ, ದೂರವಿದ್ದಾಗ 6.5ರ ಸುತ್ತ ನಿಲ್ಲುತ್ತದೆ. (ಕಾಂತಿಮಾನದ ಅಂಕ ಚಿಕ್ಕದಾದಷ್ಟೂ ಹೊಳಪು ಹೆಚ್ಚು. ಬರಿಗಣ್ಣಿನ ಮಿತಿ ಒಳ್ಳೆಯ ಕತ್ತಲಲ್ಲಿ 6.)

2026ರ ವಿಯುತಿ ಅಕ್ಟೋಬರ್ ಮಧ್ಯದಲ್ಲಿ. ಹೊಳಪು ಸುಮಾರು 6.3, ಬೈನಾಕ್ಯುಲರ್ ಬೇಕು. ಆಗ ವೆಸ್ಟಾ ಇರುವುದು ತಿಮಿಂಗಿಲ ನಕ್ಷತ್ರಪುಂಜದಲ್ಲಿ, ಓಲ್ಬರ್ಸ್ ಕಾಯುತ್ತಿದ್ದ ಎರಡನೆಯ ಬಾಗಿಲಿನ ಕಡೆಯಲ್ಲೇ. ಆ ಭಾಗ ಖಗೋಳದ ವಿಷುವ ರೇಖೆಗೆ ಹತ್ತಿರವಿರುವುದರಿಂದ ಕರ್ನಾಟಕದಿಂದ ನೋಡುವವರಿಗೆ ನಡುರಾತ್ರಿ ಬಹಳ ಎತ್ತರದಲ್ಲಿರುತ್ತದೆ. ವಿಯುತಿಯ ದಿನವೇ ನೋಡಬೇಕೆಂದಿಲ್ಲ. ಹಿಂದೆ ಮುಂದೆ ಮೂರು ವಾರ ಹೊಳಪು ಹೆಚ್ಚೇನೂ ಇಳಿಯುವುದಿಲ್ಲ, ಮೋಡ ಸರಿಯುವ ರಾತ್ರಿಗೆ ಕಾಯಬಹುದು.

ಬೈನಾಕ್ಯುಲರಿನಲ್ಲಿ ಹುಡುಕುವ ಕ್ರಮ ಹೇಳಿ.

7×50 ಅಥವಾ 10×50 ಸಾಕು (ಮೊದಲ ಅಂಕ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮಸೂರದ ಅಗಲ ಮಿ.ಮೀ.ಗಳಲ್ಲಿ). 10×50 ಹಿಡಿದ ಕೈ ನಡುಗುತ್ತದೆ, ಮಸುಕು ಚುಕ್ಕೆಗಳು ನಡುಕದಲ್ಲೇ ಅಳಿಸಿಹೋಗುತ್ತವೆ. ಟ್ರೈಪಾಡಿಗೆ ಕೂರಿಸಿ, ಇಲ್ಲವೇ ಕಾಂಪೌಂಡ್ ಗೋಡೆಗೆ ಮೊಣಕೈ ಊರಿ.

ಮೊದಲು ಹಗಲಲ್ಲೇ ನಕ್ಷೆ ಸಿದ್ಧ ಮಾಡಿಕೊಳ್ಳಿ. ಸ್ಟೆಲ್ಲೇರಿಯಂ ತಂತ್ರಾಂಶದಲ್ಲಿ ಊರು, ದಿನ, ಸಮಯ ಹಾಕಿ ವೆಸ್ಟಾ ಎಂದು ಹುಡುಕಿ. ಎಂಟನೆಯ ಕಾಂತಿಮಾನದವರೆಗಿನ ನಕ್ಷತ್ರಗಳು ಕಾಣುವಂತೆ ಮಿತಿ ಇಟ್ಟು, ಆರು ಡಿಗ್ರಿ ಅಗಲದ ಚಿತ್ರ ತೆಗೆದುಕೊಳ್ಳಿ. 10×50 ಬೈನಾಕ್ಯುಲರಿನ ನೋಟ ಸಾಮಾನ್ಯವಾಗಿ ಅಷ್ಟೇ ಅಗಲ. ಇಲ್ಲೊಂದು ಎಚ್ಚರಿಕೆ: ಗ್ರಹಗಳ ಸ್ಥಾನದಂತೆ ಕ್ಷುದ್ರಗ್ರಹದ ಸ್ಥಾನ ವರ್ಷಗಟ್ಟಲೆ ನಿಖರವಾಗಿ ಉಳಿಯುವುದಿಲ್ಲ. ತಂತ್ರಾಂಶದಲ್ಲಿರುವ ಕಕ್ಷೆಯ ಅಂಕಿಗಳು ಹಳೆಯವಾದರೆ ಅದು ತೋರಿಸುವ ಜಾಗವೂ ಸರಿದಿರುತ್ತದೆ. ಕ್ಷುದ್ರಗ್ರಹಗಳ ಕಕ್ಷೆಗಳ ದಾಖಲೆ ಇಡುವ ಮೈನರ್ ಪ್ಲಾನೆಟ್ ಸೆಂಟರ್‌ನಿಂದ ಹೊಸ ಅಂಕಿಗಳನ್ನು ತುಂಬಿಸಿಕೊಳ್ಳುವ ಸೌಲಭ್ಯ ಅದರಲ್ಲೇ ಇದೆ, ಬಳಸಿ. ‘ಹೇಳಿದ ಜಾಗದಲ್ಲಿ ಏನೂ ಇಲ್ಲ’ ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಕತ್ತಲಲ್ಲಿ ಇಪ್ಪತ್ತು ನಿಮಿಷ ಕಣ್ಣು ಪಳಗಲಿ. ಮೊಬೈಲ್ ಪರದೆ ನೋಡಿದರೆ ಮತ್ತೆ ಮೊದಲಿನಿಂದ ಶುರು. ಹತ್ತಿರದ ಹೊಳೆಯುವ ನಕ್ಷತ್ರದಿಂದ ಮೆಟ್ಟಿಲು ಮೆಟ್ಟಿಲಾಗಿ ಜಾಗಕ್ಕೆ ಬನ್ನಿ. ನೋಟದಲ್ಲಿ ಕಾಣುವ ಎಂಟು ಹತ್ತು ಚುಕ್ಕೆಗಳನ್ನು ಕಾಗದದ ಮೇಲೆ ಗುರುತಿಸಿ, ನಿಮಗೆ ವೆಸ್ಟಾ ಎನಿಸಿದ್ದಕ್ಕೆ ಒಂದು ಸುತ್ತು ಹಾಕಿ. ಮೂರು ರಾತ್ರಿ ಬಿಟ್ಟು ಅದೇ ಜಾಗವನ್ನು ಮತ್ತೆ ಬರೆಯಿರಿ.

ಈ ಎರಡನೆಯ ಚಿತ್ರ ಇಲ್ಲದೆ ‘ವೆಸ್ಟಾ ನೋಡಿದೆ’ ಎನ್ನಲಾಗದು. ಯಾವ ಬೈನಾಕ್ಯುಲರಿನಲ್ಲೂ ಅದು ತಟ್ಟೆಯಂತೆ ಕಾಣುವುದಿಲ್ಲ. ನಕ್ಷತ್ರಕ್ಕೂ ಅದಕ್ಕೂ ಇರುವ ವ್ಯತ್ಯಾಸ ಚಲನೆ ಒಂದೇ. ವಿಯುತಿಯ ಸಮಯದಲ್ಲಿ ದಿನಕ್ಕೆ ಸುಮಾರು ಕಾಲು ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರನ ಅರ್ಧ ಅಗಲದಷ್ಟು, ಪಶ್ಚಿಮಕ್ಕೆ ಸರಿಯುತ್ತದೆ. ಮೂರು ದಿನಕ್ಕೆ ಚಂದ್ರನ ಒಂದೂವರೆ ಅಗಲ. ಇದು ಕಣ್ಣಿಗೆ ಎದ್ದು ಕಾಣುವ ಬದಲಾವಣೆ.

ನಕ್ಷೆಗೂ ನೋಟಕ್ಕೂ ತಾಳೆಯಾಗುತ್ತಿಲ್ಲ. ಏನು ತಪ್ಪು?

ದೂರದರ್ಶಕದಲ್ಲಿ ನೋಡುತ್ತಿದ್ದೀರಾದರೆ ಬಿಂಬ ತಿರುಗಿರಬಹುದು. ಕನ್ನಡಿ ದೂರದರ್ಶಕದಲ್ಲಿ ನೋಟ ತಲೆಕೆಳಗು. ಮಸೂರದ ದೂರದರ್ಶಕಕ್ಕೆ ಬೆಳಕನ್ನು ತೊಂಬತ್ತು ಡಿಗ್ರಿ ತಿರುಗಿಸುವ ಡಯಾಗನಲ್ ಹಾಕಿದ್ದರೆ ಎಡ ಬಲ ಅದಲುಬದಲು, ಇದನ್ನು ಕಾಗದ ತಿರುಗಿಸಿ ಸರಿಪಡಿಸಲಾಗದು. ತಂತ್ರಾಂಶದಲ್ಲೇ ನಕ್ಷೆಯನ್ನು ಮಗುಚಬೇಕು. ಬೈನಾಕ್ಯುಲರಿಗೆ ಈ ತೊಂದರೆ ಇಲ್ಲ. ಚಂದ್ರ ಅರ್ಧಕ್ಕಿಂತ ದೊಡ್ಡದಾಗಿದ್ದು ಹತ್ತಿರದಲ್ಲಿದ್ದರೆ ಮಸುಕು ನಕ್ಷತ್ರಗಳು ಮಾಯವಾಗಿ ನಕ್ಷೆಯ ಆಕಾರವೇ ಬದಲಾದಂತೆ ಕಾಣುತ್ತದೆ.

ಫೋಟೋ ತೆಗೆಯಬಹುದೇ?

ಸಾಧಾರಣ ಡಿಎಸ್‌ಎಲ್‌ಆರ್, 50 ಮಿ.ಮೀ. ಲೆನ್ಸ್, ಟ್ರೈಪಾಡ್ ಸಾಕು. ಅಪರ್ಚರ್ 2.8, ಐಎಸ್‌ಒ 1600, ಐದು ಸೆಕೆಂಡ್. ಟ್ರೈಪಾಡ್ ಆಕಾಶದೊಂದಿಗೆ ತಿರುಗುವುದಿಲ್ಲವಾದ್ದರಿಂದ ಅದಕ್ಕಿಂತ ಹೆಚ್ಚು ಹೊತ್ತು ತೆರೆದರೆ ಚುಕ್ಕೆಗಳು ಗೆರೆಗಳಾಗತೊಡಗುತ್ತವೆ. ಫೋಕಸ್ ಕೈಯಿಂದಲೇ ಮಾಡಿ, ಪರದೆಯಲ್ಲಿ ನಕ್ಷತ್ರವನ್ನು ಹತ್ತುಪಟ್ಟು ಹಿಗ್ಗಿಸಿ ನೋಡಿ; ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬಬೇಡಿ. ಎರಡು ರಾತ್ರಿಯ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ ಒಂದಾದ ಮೇಲೊಂದು ಬೇಗ ಬೇಗ ತೋರಿಸಿದರೆ ಜಿಗಿಯುವ ಚುಕ್ಕೆ ವೆಸ್ಟಾ.

ಅದು ತಿರುಗುವ ಕಾಲವನ್ನು ಅಳೆಯುವುದು ಹೇಗೆ? ಹಳೆಯ ಪುಸ್ತಕಗಳಲ್ಲಿ ಎರಡು ಬೇರೆ ಅಂಕಿಗಳೇಕಿವೆ?

ಕ್ಷುದ್ರಗ್ರಹ ತಿರುಗುವಾಗ ಅದರ ಹೊಳಪು ಏರಿಳಿಯುತ್ತದೆ. ಆ ಏರಿಳಿತ ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆ ಎಂದು ನೋಡಿದರೆ ತಿರುಗುವ ಕಾಲ ಸಿಗುತ್ತದೆ. ತೊಡಕಿರುವುದು ಇಲ್ಲಿ: ಉದ್ದನೆಯ ಆಲೂಗಡ್ಡೆಯಂಥ ಕ್ಷುದ್ರಗ್ರಹ ಒಂದು ಸುತ್ತಿನಲ್ಲಿ ಎರಡು ಸಲ ತನ್ನ ಅಗಲದ ಮಗ್ಗುಲನ್ನು ತೋರಿಸುತ್ತದೆ, ಆದ್ದರಿಂದ ಒಂದು ಸುತ್ತಿಗೆ ಎರಡು ಏರು, ಎರಡು ಇಳಿತ. ವೆಸ್ಟಾದ ಏರಿಳಿತ 5 ಗಂಟೆ 20 ನಿಮಿಷಕ್ಕೊಮ್ಮೆ ಮರುಕಳಿಸುತ್ತದೆ. ಅದಕ್ಕೂ ಇದೇ ನಿಯಮ ಹಾಕಿದವರಿಗೆ ಸಿಕ್ಕಿದ್ದು 10 ಗಂಟೆ 41 ನಿಮಿಷ. ಆದರೆ ವೆಸ್ಟಾ ತನ್ನ ಸಮಭಾಜಕ ರೇಖೆಯ ಸುತ್ತ ಬಹುಮಟ್ಟಿಗೆ ಗುಂಡಗಿದೆ. ಅದರ ಹೊಳಪು ಬದಲಾಗುವುದು ಆಕಾರದಿಂದಲ್ಲ, ಒಂದು ಮಗ್ಗುಲು ಇನ್ನೊಂದಕ್ಕಿಂತ ಬೆಳ್ಳಗಿರುವುದರಿಂದ. ಹಾಗಾಗಿ ಸುತ್ತಿಗೆ ಒಂದೇ ಏರು. ಹಬಲ್ ದೂರದರ್ಶಕ ತೆಗೆದ ಚಿತ್ರಗಳಲ್ಲಿ ಕಲೆಗಳು ತಿರುಗುವುದನ್ನೇ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ.

ಇದನ್ನು ಮನೆಯಿಂದ ಅಳೆಯಲು ಒಂದು ಪೂರ್ತಿ ರಾತ್ರಿ ಸಾಕು, ಆದರೆ ಏರಿಳಿತ ಕಾಂತಿಮಾನದ ಹತ್ತನೇ ಒಂದು ಭಾಗದಷ್ಟೇ. ಅಳತೆಯ ತಪ್ಪು ಶೇ 1–2ರೊಳಗೆ ಇರಬೇಕು. ವೆಸ್ಟಾ ಬಹಳ ಹೊಳೆಯುವುದೇ ಇಲ್ಲಿ ಸಮಸ್ಯೆ. ದೊಡ್ಡ ದೂರದರ್ಶಕದಲ್ಲಿ ಬಿಂಬ ತುಂಬಿ ತುಳುಕಿ ಅಳತೆ ಕೆಡುತ್ತದೆ, ಪುಟ್ಟ ನೋಟದಲ್ಲಿ ಅಷ್ಟೇ ಹೊಳಪಿನ ಹೋಲಿಕೆ ನಕ್ಷತ್ರ ಸಿಗುವುದಿಲ್ಲ. 200 ಮಿ.ಮೀ. ಲೆನ್ಸ್, ಆಕಾಶವನ್ನು ಹಿಂಬಾಲಿಸುವ ಮೌಂಟ್, ಹಸಿರು ಫಿಲ್ಟರ್, ಬೇಕೆಂದೇ ಸ್ವಲ್ಪ ಕೆಡಿಸಿದ ಫೋಕಸ್, ಇವು ಹೆಚ್ಚು ಕೆಲಸಕ್ಕೆ ಬರುತ್ತವೆ. ಒಂದೆರಡು ಸೆಕೆಂಡಿನ ಚಿತ್ರಗಳಲ್ಲಿ ಗಾಳಿಯ ಮಿನುಗು ಸೇರಿಕೊಳ್ಳುತ್ತದೆ. ಹತ್ತು ಸೆಕೆಂಡಿಗೆ ಕಡಿಮೆಯಾಗದಂತೆ ತೆರೆಯಿರಿ. ದಿಗಂತದಿಂದ 30 ಡಿಗ್ರಿಗಿಂತ ಕೆಳಗಿದ್ದಾಗ ಅಳೆಯಬೇಡಿ.

ನಕ್ಷತ್ರವನ್ನು ವೆಸ್ಟಾ ಮರೆಮಾಡುವುದನ್ನು ಅಳೆದರೆ ಏನು ಪ್ರಯೋಜನ?

ಗಾತ್ರವನ್ನು ನೆಲದ ಮೇಲಿಂದಲೇ ಅಳೆಯುವ ಅತ್ಯಂತ ಅಗ್ಗದ, ಅಷ್ಟೇ ನಿಖರವಾದ ದಾರಿ ಅದು. ನಕ್ಷತ್ರದ ಬೆಳಕಿನಲ್ಲಿ ಭೂಮಿಯ ಮೇಲೆ ಬೀಳುವ ವೆಸ್ಟಾದ ನೆರಳು ಸೆಕೆಂಡಿಗೆ 15 ಕಿ.ಮೀ. ಓಡಿದರೆ ನಡುವಿನಲ್ಲಿ ನಿಂತವರಿಗೆ ನಕ್ಷತ್ರ ಸುಮಾರು 35 ಸೆಕೆಂಡ್ ಮರೆಯಾಗುತ್ತದೆ. ಮರೆಯಾದ ಮತ್ತು ಮರಳಿದ ಕ್ಷಣವನ್ನು ಹತ್ತನೇ ಒಂದು ಸೆಕೆಂಡಿನ ನಿಖರತೆಯಲ್ಲಿ ಬರೆದರೆ ಅಂಚಿನ ಜಾಗ ಒಂದೂವರೆ ಕಿ.ಮೀ.ಗೆ ತಿಳಿಯುತ್ತದೆ. ಒಬ್ಬರಿಂದ ಒಂದು ಗೆರೆ ಮಾತ್ರ ಸಿಗುತ್ತದೆ. ಆಕಾರ ಬೇಕಾದರೆ ನೆರಳಿನ ದಾರಿಗೆ ಅಡ್ಡಲಾಗಿ ಬೇರೆ ಬೇರೆ ಊರುಗಳಲ್ಲಿ ಹಲವರು ನಿಲ್ಲಬೇಕು. ಸಮಯ ಜಿಪಿಎಸ್‌ನಿಂದ ಬರಲಿ. ಮೊಬೈಲ್ ಗಡಿಯಾರ ಅರ್ಧ ಸೆಕೆಂಡ್ ತಪ್ಪಿದರೂ ಏಳೆಂಟು ಕಿ.ಮೀ. ತಪ್ಪಿದಂತೆ.

ವೆಸ್ಟಾವನ್ನು ತೂಗಿದ್ದು ಹೇಗೆ?

ಸುತ್ತ ಒಂದು ಉಪಗ್ರಹವಿದ್ದರೆ ಅದರ ಓಟದಿಂದ ದ್ರವ್ಯರಾಶಿ ಲೆಕ್ಕ ಹಾಕಬಹುದು, ಆದರೆ ವೆಸ್ಟಾಕ್ಕೆ ಉಪಗ್ರಹವಿಲ್ಲ. ಆದ್ದರಿಂದ 1966ರಲ್ಲಿ ಹಾನ್ಸ್ ಹರ್ಟ್ಸ್, ಹತ್ತಿರ ಹಾಯುವ 197 ಆರೀಟೆ ಎಂಬ ಇನ್ನೊಂದು ಕ್ಷುದ್ರಗ್ರಹದ ದಾರಿ ಎಷ್ಟು ಬಾಗುತ್ತದೆ ಎಂದು ಲೆಕ್ಕ ಹಾಕಿ ವೆಸ್ಟಾದ ದ್ರವ್ಯರಾಶಿ ಕಂಡುಕೊಂಡರು. ಕ್ಷುದ್ರಗ್ರಹವೊಂದರ ದ್ರವ್ಯರಾಶಿ ತಿಳಿದದ್ದು ಅದೇ ಮೊದಲು. ಈಗಿನ ನಿಖರ ಅಂಕಿ, 2011ರಲ್ಲಿ ವೆಸ್ಟಾದ ಕಕ್ಷೆ ಸೇರಿದ ಡಾನ್ ನೌಕೆಯದು.

ವೆಸ್ಟಾದ ಕಲ್ಲುಗಳು ಭೂಮಿಯಲ್ಲಿವೆ ಎನ್ನುತ್ತಾರೆ. ಅಲ್ಲಿಗೆ ಹೋಗಿ ತಂದಿಲ್ಲವಲ್ಲ, ಹೇಗೆ ಗೊತ್ತು?

ಬಿದ್ದ ಉಲ್ಕಾಶಿಲೆಗಳಲ್ಲಿ ಸುಮಾರು ಶೇ 6ರಷ್ಟು ಒಂದೇ ಕುಟುಂಬಕ್ಕೆ ಸೇರುತ್ತವೆ: ಯೂಕ್ರೈಟ್, ಡಯೊಜಿನೈಟ್, ಹೊವಾರ್ಡೈಟ್. ಯೂಕ್ರೈಟ್ ಮೇಲ್ಮೈಗೆ ಹರಿದು ತಣಿದ ಲಾವಾದಂಥ ಕಲ್ಲು. ಡಯೊಜಿನೈಟ್ ಆಳದಲ್ಲಿ ನಿಧಾನವಾಗಿ ಹರಳುಗಟ್ಟಿದ್ದು. ಹೊವಾರ್ಡೈಟ್ ಇವೆರಡರ ಪುಡಿ ಬೆರೆತು ಗಟ್ಟಿಯಾದದ್ದು.

1970ರಲ್ಲಿ ಥಾಮಸ್ ಮೆಕಾರ್ಡ್ ಮತ್ತು ಸಂಗಡಿಗರು ವೆಸ್ಟಾದಿಂದ ಬರುವ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ 0.9 ಮೈಕ್ರಾನ್ ಬಳಿ ಒಂದು ತಗ್ಗು ಕಂಡಿತು. ಪೈರಾಕ್ಸಿನ್ ಎಂಬ ಖನಿಜ ಬೆಳಕು ಹೀರುವ ಜಾಗ ಅದು. ಪ್ರಯೋಗಾಲಯದಲ್ಲಿ ಯೂಕ್ರೈಟ್ ಪುಡಿಯ ಬೆಳಕಿಗೂ ಅದೇ ಆಕಾರ. ಹೋಲಿಕೆ ಚೆನ್ನಾಗಿತ್ತು, ಆದರೆ ಒಂದು ಆಕ್ಷೇಪ ಗಟ್ಟಿಯಾಗಿಯೇ ನಿಂತಿತ್ತು: ಗುರುಗ್ರಹದ ಸೆಳೆತ ಕಲ್ಲುಗಳನ್ನು ಪಟ್ಟಿಯಿಂದ ಎಳೆದು ಭೂಮಿಯ ಕಡೆ ಎಸೆಯುವ ಜಾಗಗಳು ವೆಸ್ಟಾದಿಂದ ದೂರದಲ್ಲಿವೆ. ಕಲ್ಲುಗಳು ಅಲ್ಲಿಯವರೆಗೆ ಹೋದದ್ದು ಹೇಗೆ?

1993ರಲ್ಲಿ ರಿಚರ್ಡ್ ಬಿನ್ಜೆಲ್ ಮತ್ತು ಷೂಯಿ ಷು ಉತ್ತರ ಕೊಟ್ಟರು. ವೆಸ್ಟಾದಿಂದ ಆ ಜಾಗದವರೆಗೆ ಸಾಲಾಗಿ ಹರಡಿಕೊಂಡಿರುವ, ಹತ್ತು ಕಿ.ಮೀ.ಗಿಂತ ಚಿಕ್ಕ ಕ್ಷುದ್ರಗ್ರಹಗಳನ್ನು ಅವರು ಕಂಡರು. ಅವುಗಳ ಬೆಳಕಿನಲ್ಲೂ ಅದೇ ತಗ್ಗು. ವೆಸ್ಟಾದಿಂದ ಕಿತ್ತು ಬಂದ ತುಂಡುಗಳ ಸೇತುವೆ ಅದು. ಇನ್ನು ಉಳಿದದ್ದು, ಅಷ್ಟು ಕಲ್ಲು ಕಿತ್ತ ಗುಂಡಿ. ಹಬಲ್ 1996ರಲ್ಲಿ ತೆಗೆದ ಚಿತ್ರಗಳಲ್ಲಿ ಅದೂ ಸಿಕ್ಕಿತು, ದಕ್ಷಿಣ ಧ್ರುವದಲ್ಲಿ.

ಎಲ್ಲ ಯೂಕ್ರೈಟ್‌ಗಳೂ ವೆಸ್ಟಾದವು ಎಂದುಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ 2007ರಲ್ಲಿ ಬಿದ್ದ ಬನ್ಬರಾ ರಾಕ್‌ಹೋಲ್‌ನಂಥ ಕೆಲವು ನೋಡಲು ಯೂಕ್ರೈಟ್‌ಗಳೇ ಆದರೂ ಅವುಗಳ ಆಮ್ಲಜನಕ ಐಸೋಟೋಪುಗಳ (ಬೇರೆ ಬೇರೆ ತೂಕದ ಆಮ್ಲಜನಕ ಪರಮಾಣುಗಳ) ಪ್ರಮಾಣ ಬೇರೆ. ಅವುಗಳ ತಾಯಿ ಇನ್ನೊಂದು ಕ್ಷುದ್ರಗ್ರಹ.

ಭಾರತದಲ್ಲಿ ಬಿದ್ದಿವೆಯೇ?

ಬಿದ್ದಿವೆ. ಬಂಗಾಳದ ಶಾಲ್ಕಾದಲ್ಲಿ 1850ರಲ್ಲಿ ಡಯೊಜಿನೈಟ್, ರಾಜಸ್ಥಾನದ ಲೋಹಾವಟದಲ್ಲಿ 1994ರಲ್ಲಿ ಹೊವಾರ್ಡೈಟ್, ರಾಜಸ್ಥಾನದ್ದೇ ಪಿಪ್ಲಿಯಾ ಕಲಾನ್‌ನಲ್ಲಿ 1996ರಲ್ಲಿ ಯೂಕ್ರೈಟ್. ಈ ಕೊನೆಯದಕ್ಕೆ ವಿಜ್ಞಾನದಲ್ಲಿ ದೊಡ್ಡ ಹೆಸರಿದೆ. ಇಷ್ಟು ಪುಟ್ಟ ಕಾಯ ಒಳಗಿನಿಂದ ಕರಗಿ ಲಾವಾ ಉಕ್ಕಿಸಲು ಬಿಸಿ ಎಲ್ಲಿಂದ ಬಂತು ಎಂಬುದು ಹಳೆಯ ಪ್ರಶ್ನೆ. ಅಲ್ಯೂಮಿನಿಯಂ-26 ಎಂಬ, ಏಳು ಲಕ್ಷ ವರ್ಷಕ್ಕೆ ಅರ್ಧವಾಗುವ ವಿಕಿರಣಶೀಲ ಧಾತು ಆ ಒಲೆಯ ಸೌದೆ ಇರಬಹುದೆಂಬ ಊಹೆ ಇತ್ತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಶ್ರೀನಿವಾಸನ್, ಗೋಸ್ವಾಮಿ, ಭಂಡಾರಿ ಅವರು ಪಿಪ್ಲಿಯಾ ಕಲಾನ್ ಕಲ್ಲಿನ ಹರಳುಗಳಲ್ಲಿ ಅದು ಕ್ಷಯಿಸಿ ಉಳಿಸಿಹೋದ ಮೆಗ್ನೀಸಿಯಂ-26ರ ಹೆಚ್ಚುವರಿಯನ್ನು ಅಳೆದು 1999ರಲ್ಲಿ ಪ್ರಕಟಿಸಿದರು. ಲಾವಾ ಗಟ್ಟಿಯಾಗುವಾಗ ಆ ಸೌದೆ ಇನ್ನೂ ಉರಿಯುತ್ತಿತ್ತು ಎಂಬುದಕ್ಕೆ ಅದು ಪುರಾವೆ.

ನನಗೊಂದು ಕಪ್ಪು ಕಲ್ಲು ಸಿಕ್ಕಿದೆ. ಆಯಸ್ಕಾಂತ ಹಿಡಿಯುವುದಿಲ್ಲ. ಅಂದರೆ ಉಲ್ಕಾಶಿಲೆ ಅಲ್ಲ ತಾನೇ?

ಹಾಗೆ ಹೇಳಲಾಗದು. ಸಾಮಾನ್ಯ ಉಲ್ಕಾಶಿಲೆಗಳಲ್ಲಿ ಕಬ್ಬಿಣವಿರುತ್ತದೆ, ಆಯಸ್ಕಾಂತ ಅಂಟುತ್ತದೆ. ಯೂಕ್ರೈಟ್‌ನಲ್ಲಿ ಲೋಹ ಇಲ್ಲವೆನ್ನುವಷ್ಟು ಕಡಿಮೆ. ಅದರ ಗುರುತು ಬೇರೆ: ಹೊರಗೆ ತೆಳುವಾದ ಹೊಳಪಿನ ಕಪ್ಪು ಸಿಪ್ಪೆ, ಮುರಿದ ಜಾಗದಲ್ಲಿ ಬೂದು ಬಣ್ಣ. ಗುಳ್ಳೆ ತೂತುಗಳಿದ್ದರೆ ಬಹುತೇಕ ಕುಲುಮೆಯ ಕಿಟ್ಟ. ಬೀಳುವುದನ್ನು ಕಂಡಿದ್ದರೆ ತೊಳೆಯಬೇಡಿ, ಉಜ್ಜಬೇಡಿ, ಆಯಸ್ಕಾಂತ ಮುಟ್ಟಿಸಲೂ ಬೇಡಿ. ಕಲ್ಲಿನಲ್ಲಿ ಉಳಿದಿರುವ ಹಳೆಯ ಕಾಂತತೆ ಅಳಿಸಿಹೋಗುತ್ತದೆ. ಒಣ ಚೀಲದಲ್ಲಿಟ್ಟು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ತಿಳಿಸಿ.

ಡಾನ್ ನೌಕೆ ಏನು ಮಾಡಿತು?

2007ರ ಸೆಪ್ಟೆಂಬರ್ 27ರಂದು ಹೊರಟು, 2011ರ ಜುಲೈನಲ್ಲಿ ವೆಸ್ಟಾದ ಸುತ್ತ ಕಕ್ಷೆ ಸೇರಿ, 2012ರ ಸೆಪ್ಟೆಂಬರಿನಲ್ಲಿ ಅದನ್ನು ಬಿಟ್ಟು ಸೀರಿಸ್‌ಗೆ ಹೋಯಿತು. ಭೂಮಿಯ ಆಚೆ ಎರಡು ಬೇರೆ ಕಾಯಗಳ ಕಕ್ಷೆ ಸೇರಿದ ಮೊದಲ ನೌಕೆ ಅದು. ಸಾಧ್ಯವಾದದ್ದು ಅಯಾನು ಎಂಜಿನ್‌ನಿಂದ. 425 ಕಿಲೋ ಕ್ಸೆನಾನ್ ಅನಿಲವನ್ನು ವಿದ್ಯುತ್ತಿನಿಂದ ಚಿಮ್ಮಿಸುವ ಆ ಎಂಜಿನ್‌ನ ನೂಕುಬಲ ಅಂಗೈ ಮೇಲೆ ಒಂದು ಹಾಳೆ ಇಟ್ಟಷ್ಟೇ. ಸೊನ್ನೆಯಿಂದ ಗಂಟೆಗೆ 96 ಕಿ.ಮೀ. ವೇಗಕ್ಕೆ ಬರಲು ನಾಲ್ಕು ದಿನ. ಆದರೆ ವರ್ಷಗಟ್ಟಲೆ ಬಿಡದೆ ನೂಕುತ್ತದೆ.

ವೆಸ್ಟಾದಲ್ಲಿ ಮೊದಲು 2,700 ಕಿ.ಮೀ., ಆಮೇಲೆ 680, ಕೊನೆಗೆ 210 ಕಿ.ಮೀ. ಎತ್ತರದಿಂದ ಸುತ್ತಿತು. ಮೇಲಿನ ಸುತ್ತುಗಳು ನಕ್ಷೆಗೆ, ಕೆಳಗಿನದು ಧಾತುಗಳ ಅಳತೆಗೆ ಮತ್ತು ಗುರುತ್ವಕ್ಕೆ. ನೌಕೆಯ ದಿಕ್ಕು ಹಿಡಿದಿಡುವ ಚಕ್ರಗಳಲ್ಲಿ ಒಂದು 2010ರಲ್ಲಿ, ಇನ್ನೊಂದು ವೆಸ್ಟಾ ಬಿಡುವ ಹೊತ್ತಿಗೆ ಕೆಟ್ಟವು. ಉಳಿದ ಕೆಲಸಕ್ಕೆ ಹೈಡ್ರಜೀನ್ ಇಂಧನವನ್ನು ಹನಿ ಹನಿಯಾಗಿ ಉಳಿಸಬೇಕಾಯಿತು. ಅದು ಮುಗಿದದ್ದು 2018ರಲ್ಲಿ.

ದಕ್ಷಿಣ ಧ್ರುವದ ಆ ಗುಂಡಿಯಲ್ಲಿ ಏನಿದೆ?

ಹೆಸರು ರಿಯಾಸಿಲ್ವಿಯಾ. ಅಗಲ ಸುಮಾರು 500 ಕಿ.ಮೀ., ಹೆಚ್ಚುಕಡಿಮೆ ವೆಸ್ಟಾದಷ್ಟೇ. ನಡುವೆ 20 ಕಿ.ಮೀ.ಗೂ ಎತ್ತರದ ಶಿಖರ. ರಿಯಾಸಿಲ್ವಿಯಾದ ಅಡಿಯಲ್ಲಿ ವೆನೆನಿಯಾ ಎಂಬ ಇನ್ನೂ ಹಳೆಯ ಗುಂಡಿ, ಅಗಲ 400 ಕಿ.ಮೀ. ಹೊಡೆತದ ಕಂಪನ ಸಮಭಾಜಕ ರೇಖೆಯವರೆಗೆ ಹೋಗಿ ಅಲ್ಲಿ ಉದ್ದನೆಯ ಕಂದಕಗಳ ಸಾಲನ್ನೇ ಬಿಟ್ಟಿದೆ.

ಇಷ್ಟು ಆಳ ತೋಡಿದರೆ ಒಳಪದರದ ಆಲಿವಿನ್ ಖನಿಜ ಹೊರಬಿದ್ದಿರಲೇಬೇಕು ಎಂದು ಎಲ್ಲರೂ ಕಾದಿದ್ದರು. ರಿಯಾಸಿಲ್ವಿಯಾದ ತಳದಲ್ಲಿ ಅದು ಸಿಗಲಿಲ್ಲ. ಸಿಕ್ಕಿದ್ದು ಉತ್ತರದಲ್ಲಿ, ಅರುಂಟಿಯಾ ಮತ್ತು ಬೆಲ್ಲಿಸಿಯಾ ಕುಳಿಗಳ ಬಳಿ, ಯಾರೂ ಎದುರುನೋಡದ ಕಡೆ. ಹೊರಪದರ ಎಣಿಸಿದ್ದಕ್ಕಿಂತ ದಪ್ಪ ಎಂಬುದು ಒಂದು ವಿವರಣೆ.

ಒಳಗೆ ಕಬ್ಬಿಣದ ತಿರುಳು ಇದೆಯೇ?

ಡಾನ್ ಅಳೆದ ಗುರುತ್ವ ಮತ್ತು ಉಲ್ಕಾಶಿಲೆಗಳ ರಸಾಯನವನ್ನು ಜೋಡಿಸಿ ಸುಮಾರು 110 ಕಿ.ಮೀ. ತ್ರಿಜ್ಯದ ತಿರುಳು ಇದೆ ಎಂದು 2012ರಲ್ಲಿ ಲೆಕ್ಕ ಹಾಕಲಾಗಿತ್ತು. 2025ರಲ್ಲಿ ಅದೇ ನೌಕೆಯ ರೇಡಿಯೊ ದತ್ತಾಂಶವನ್ನು ಇನ್ನಷ್ಟು ನಯವಾಗಿ ವಿಶ್ಲೇಷಿಸಿದಾಗ ವೆಸ್ಟಾ ತಿರುಗುವ ಬಗೆ ಅಂಥ ಸ್ಪಷ್ಟ ತಿರುಳಿಗೆ ಹೊಂದುತ್ತಿಲ್ಲ ಎಂದು ಬಂತು. ಕರಗುವಿಕೆ ಅರ್ಧಕ್ಕೆ ನಿಂತಿತೇ, ಅಥವಾ ವೆಸ್ಟಾ ಇನ್ನೊಂದು ದೊಡ್ಡ ಕಾಯದಿಂದ ಕಿತ್ತು ಬಂದ ತುಂಡೇ ಎಂಬ ಎರಡು ದಾರಿಗಳು ಈಗ ಚರ್ಚೆಯಲ್ಲಿವೆ. ಶಾಲಾ ಪುಸ್ತಕಕ್ಕೆ ಬರೆಯುವವರು ‘ಹೊರಪದರ, ಒಳಪದರ, ತಿರುಳು ಎಂಬ ಮೂರು ಪದರ ಖಚಿತ’ ಎಂದು ಬರೆಯದಿರುವುದು ಒಳ್ಳೆಯದು.

ಎರಡು ನಕ್ಷೆಗಳಲ್ಲಿ ಒಂದೇ ಕುಳಿಗೆ ಬೇರೆ ಬೇರೆ ರೇಖಾಂಶ ಇದೆ. ಯಾವುದು ಸರಿ?

ಎರಡೂ ಸರಿ, ಶುರು ಮಾಡುವ ಜಾಗ ಬೇರೆ. ಹಬಲ್ ಕಾಲದಲ್ಲಿ ಓಲ್ಬರ್ಸ್ ಹೆಸರಿನ ಮಸುಕು ಕಲೆಯಿಂದ ಎಣಿಸುತ್ತಿದ್ದರು. ಹತ್ತಿರ ಹೋದ ಡಾನ್‌ಗೆ ಆ ಕಲೆಯ ಅಂಚೇ ಸಿಗಲಿಲ್ಲ. ತಂಡ 700 ಮೀಟರ್ ಅಗಲದ ಕ್ಲಾಡಿಯಾ ಕುಳಿಯನ್ನು ಗುರುತಾಗಿ ಇಟ್ಟುಕೊಂಡಿತು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಹಳೆಯ ಎಣಿಕೆಗೆ ಹತ್ತಿರವಿರಲೆಂದು ಕ್ಲಾಡಿಯಾಗೆ 146 ಡಿಗ್ರಿ ಪೂರ್ವ ರೇಖಾಂಶ ಕೊಟ್ಟಿತು. ತಂಡದ ಎಣಿಕೆಗೂ ಒಕ್ಕೂಟದ ಎಣಿಕೆಗೂ ಸುಮಾರು 150 ಡಿಗ್ರಿ ವ್ಯತ್ಯಾಸ. ನಕ್ಷೆ ಬಳಸುವ ಮೊದಲು ಅದರಲ್ಲಿ ಕ್ಲಾಡಿಯಾ ಎಲ್ಲಿದೆ ಎಂದು ನೋಡಿ.

ವೆಸ್ಟಾ ಭೂಮಿಗೆ ಅಪ್ಪಳಿಸುವ ಭಯವಿದೆಯೇ?

ಇಲ್ಲ. ಸೂರ್ಯನಿಗೆ ಅತಿ ಹತ್ತಿರ ಬಂದಾಗಲೂ ಅದು ಸೂರ್ಯ–ಭೂಮಿ ದೂರದ 2.15 ಪಟ್ಟು ಆಚೆಯೇ ಇರುತ್ತದೆ.